ಕಸ ಗುಡಿಸುವವರ ಶುಕ್ರಯಾನ



ಇಂದು ನಾನು ಹೇಳಹೊರಟಿರುವುದು ಒಂದು ನಗೆಚಿತ್ರದ ಸಂಗತಿ. ಅಮೆರಿಕದ ‘ಹ್ಯಾವ್ ರಾಕೆಟ್, ವಿಲ್ ಟ್ರಾವೆಲ್’ 1959ರಲ್ಲಿ ತೆರೆಕಂಡಿತು. ಸ್ಪುಟ್ನಿಕ್ ಹಾರಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ಈ ಚಿತ್ರದಲ್ಲಿ ಆಕಾಶಕ್ಕೆ ಹಾರುವವರು ವಿಜ್ಞಾನಿಗಳಲ್ಲ. ರಾಕೆಟ್ ಕೇಂದ್ರದ ಕಸ ಗುಡಿಸುವ ಮೂವರು ನೌಕರರು! ಕೈತಪ್ಪಿ ಹಾರಿದ ರಾಕೆಟ್ಟು ಅವರನ್ನು ಶುಕ್ರಗ್ರಹಕ್ಕೆ ಒಯ್ಯುತ್ತದೆ. ಅಲ್ಲಿ ಮಾತಾಡುವ ಒಂಟಿಕೊಂಬಿನ ಕುದುರೆ, ಬೆಂಕಿಯುಗುಳುವ ದೈತ್ಯ ಜೇಡ, ಇವರದೇ ಪ್ರತಿರೂಪಗಳನ್ನು ಮಾಡಿ ನಿಲ್ಲಿಸುವ ಯಂತ್ರ. ಖರ್ಚು ಕಡಿಮೆ, ಕಪಾಳಮೋಕ್ಷ ಧಾರಾಳ. ಭೂಮಿಗೆ ಮರಳಿದಾಗ ಮೂವರಿಗೂ ವೀರರ ಸ್ವಾಗತ.

ತೆರೆಯ ಹಿಂದಿನ ಕಥೆಯೂ ಇಂಥದೇ. ನಟಿಸಿದವರು ‘ತ್ರೀ ಸ್ಟೂಜಸ್’ ತಂಡದ ಮೋ, ಲ್ಯಾರಿ ಮತ್ತು ಹೊಸಬ ಕರ್ಲಿ-ಜೋ. ಈ ತಂಡ 1934ರಿಂದ ಕೊಲಂಬಿಯಾ ಕಂಪನಿಯ ಕಿರುಚಿತ್ರಗಳಲ್ಲಿ ದುಡಿದಿತ್ತು. 1957ರ ಕೊನೆಗೆ ಕಂಪನಿ ಕರಾರನ್ನು ಮುಂದುವರಿಸಲಿಲ್ಲ. ಮರುವರ್ಷ ಅವೇ ಹಳೆಯ ಚಿತ್ರಗಳು ಟೆಲಿವಿಜನ್ನಿನಲ್ಲಿ ಬಂದವು. ಮಕ್ಕಳು ಮುಗಿಬಿದ್ದು ನೋಡಿದರು. ಹೊರಗೆ ಕಳಿಸಿದ ಕಂಪನಿಯೇ ಮತ್ತೆ ಕರೆದು ಈ ಚಿತ್ರ ಮಾಡಿಸಿತು. ಚಿತ್ರ ತೆರೆಕಂಡಾಗ ಮೋ ಹವರ್ಡ್‌ಗೆ 62 ವರ್ಷ!

ಬಂಧುಗಳೆ, ಕೆಲಸಗಾರನ ಲೆಕ್ಕ ಮುಗಿಯಿತೆಂದು ಕಂಪನಿ ಬರೆದ ಮಾತ್ರಕ್ಕೆ ಅವನ ಕೆಲಸದ ಬೆಲೆ ಮುಗಿಯುವುದಿಲ್ಲ. ಚಿತ್ರ ಸಿಕ್ಕರೆ ಮಕ್ಕಳೊಡನೆ ಕುಳಿತು ನೋಡಿರಿ, ಮನಸಾರೆ ನಗಿರಿ.