ಊರ ಮುಂದಿನ ಕಲ್ಲು

ನಮ್ಮೂರಿನ ಕೆರೆಯ ಏರಿಯ ಮೇಲೆ ಎದೆಯೆತ್ತರದ ಕಲ್ಲೊಂದಿದೆ. ಹಸು ಕರು ಹಾಕಿದ ಮನೆಯವರು ಮೊದಲ ಗಿಣ್ಣುಹಾಲನ್ನು ಆ ಕಲ್ಲಿಗೆ ಎರೆದಲ್ಲದೆ ತಾವು ಬಾಯಿಗಿಡುತ್ತಿರಲಿಲ್ಲ. ಚೊಂಬು ಹಿಡಿದ ಅಜ್ಜಿಯ ಹಿಂದೆ ಬಾಲ್ಯದಲ್ಲಿ ನಾನೂ ಹೋದದ್ದುಂಟು. "ಇದು ಯಾವ ದೇವರಜ್ಜಿ?" ಎಂದರೆ, "ದನ ಕಾಯೋ ವೀರಪ್ಪ ಕಣಪ್ಪ, ಕೈ ಮುಗಿ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಿನದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಶಾಸನಗಳ ಪರಿಚಯವಾದ ಮೇಲೆ ಒಮ್ಮೆ ಊರಿಗೆ ಹೋದಾಗ, ಆ ಕಲ್ಲಿನ ಎಣ್ಣೆಜಿಡ್ಡನ್ನು ಒರೆಸಿ ನೋಡಿದೆ. ಅದು ವೀರಗಲ್ಲು. ನಾಡಿನ ಅನೇಕ ಊರುಗಳಲ್ಲಿ ಕಾಣುವಂತೆ ಮೂರು ಹಂತಗಳು: ಕೆಳಗೆ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕೆಳಗಿನ ಹಂತದಲ್ಲಿ, ಬಿಲ್ಲು ಹಿಡಿದವನ ಬೆನ್ನಿಗೆ ಸಾಲಾಗಿ ನಿಂತ ಹಸುಗಳು. ತುರುಗಳನ್ನು ಹೊಡೆದೊಯ್ಯಲು ಬಂದವರನ್ನು ತಡೆದು ಸತ್ತವನ ಕಲ್ಲು ಅದು. ಅಕ್ಷರ ಒಂದೂ ಇಲ್ಲ. ಅವನ ಹೆಸರನ್ನು ಮರೆತ ಊರು, ಅವನು ಯಾವುದಕ್ಕಾಗಿ ಸತ್ತನೆಂಬುದನ್ನು ಮಾತ್ರ ಗಿಣ್ಣಿನ ಚೊಂಬಿನಲ್ಲಿ ಉಳಿಸಿಕೊಂಡು ಬಂದಿತ್ತು.

ಇದಕ್ಕೆ ತೀರ ಬೇರೆಯಾದ ಕಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಶಕವರ್ಷ 872, ಅಂದರೆ ಕ್ರಿ. ಶ. 949-50ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದಾಗ ಗಂಗರ ಬೂತುಗನು ಅವನ ಪಕ್ಷದಲ್ಲಿದ್ದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯೂ ಒಂದು ದೊಡ್ಡ ಹಂದಿಯೂ ಹೋರಾಡಿ ಎರಡೂ ಸತ್ತವು. ಅದಕ್ಕಾಗಿ ಆತಕೂರಿನ ದೇವಾಲಯದ ಮುಂದೆ ಕಲ್ಲು ನೆಟ್ಟು, ಭೂಮಿಯನ್ನು ಬಿಟ್ಟರು. ನಾಯಿ ಹಂದಿಗಳ ಕಾಳಗವನ್ನು ಅಲ್ಲಿ ಕೆತ್ತಲಾಗಿದೆ.

ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಆ ಶಾಸನದ ಒಂದು ಕಟ್ಟಳೆಯಲ್ಲಿ: ಪೂಜೆಗೆ ನಿಂತ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಕೂಡದು, ಉಂಡರೆ ನಾಯಿಯ ಪಾಪ ಅವನಿಗೆ. ಕಲ್ಲು ತಾನಾಗಿ ನೆನಪನ್ನು ಹೊರಲಾರದೆಂದು ಅದನ್ನು ನೆಟ್ಟವರು ಅರಿತಿದ್ದರು. ಆದ್ದರಿಂದಲೇ ನೆನಪನ್ನು ಒಬ್ಬನ ದಿನದಿನದ ಊಟಕ್ಕೆ ಕಟ್ಟಿಹಾಕಿದರು. ಇಂದು ಕಲ್ಲು ಸುರಕ್ಷಿತವಾಗಿದೆ, ಅಕ್ಷರಗಳು ಓದಲು ಸಿಗುತ್ತವೆ. ಉಣ್ಣುವ ಮೊದಲು ಅದರ ಮುಂದೆ ನಿಲ್ಲಬೇಕಾದವನು ಮಾತ್ರ ಇಲ್ಲ.

ಒಂದು ಕಡೆ ಬರಹವುಂಟು, ನಡವಳಿಕೆಯಿಲ್ಲ. ಇನ್ನೊಂದು ಕಡೆ ನಡವಳಿಕೆಯುಂಟು, ಬರಹವಿಲ್ಲ. ಇವೆರಡರಲ್ಲಿ ಹಿರಿದು ಯಾವುದೆಂದು ಬಹಳ ದಿನ ಯೋಚಿಸಿದ್ದೇನೆ. ನನಗೆ ಉತ್ತರ ದೊರೆತದ್ದು ನಾಚಿಕೆಯ ಸಂದರ್ಭವೊಂದರಲ್ಲಿ.

ಏರಿಯ ರಸ್ತೆಯನ್ನು ಅಗಲ ಮಾಡುವಾಗ ನಮ್ಮೂರ ಕಲ್ಲನ್ನು ಕಿತ್ತು ಬದಿಗೆ ಮಲಗಿಸಿದರು. ಸುದ್ದಿ ನನಗೆ ಮುಟ್ಟಿತು. ಅದು ಏನೆಂದು ಬಲ್ಲವನು ನಾನೊಬ್ಬನೇ. ಆದರೂ ಇಂದು ನಾಳೆ ಎಂದು ಪಟ್ಟಣದಲ್ಲೇ ಉಳಿದೆ. ಕೊನೆಗೆ ಹೋದಾಗ ಕಲ್ಲು ಮತ್ತೆ ಎದ್ದು ನಿಂತಿತ್ತು, ಮೊದಲು ನೋಡುತ್ತಿದ್ದ ದಿಕ್ಕಿಗೆ ಬೆನ್ನುಮಾಡಿ. ಯಾರದೋ ಮನೆಯಲ್ಲಿ ಹಸು ಈದಿತ್ತಂತೆ. ಗಿಣ್ಣು ಎರೆಯಲು ವೀರಪ್ಪ ಬೇಕಲ್ಲವೆ? ನಾಲ್ಕಾರು ಜನ ಸೇರಿ ಎತ್ತಿ ನಿಲ್ಲಿಸಿದ್ದರು.

ನಾನು ಅವರಿಗೆ ಕಲ್ಲಿನ ಮೇಲಿನ ಹಸುಗಳನ್ನು ಒಂದೊಂದಾಗಿ ತೋರಿಸಿದೆ. ನನ್ನಿಂದ ಆಗಬಹುದಾಗಿದ್ದದ್ದು ಅಷ್ಟೆ. ಮುದುಕಿಯೊಬ್ಬಳು ಬಗ್ಗಿ ನೋಡಿ, "ಮತ್ತೆ, ನಾವು ಹೇಳ್ತಿದ್ದುದೂ ಅದೇ ಅಲ್ವೇನಪ್ಪ?" ಎಂದಳು.