ಮುಗಿಲು ನೋಡುವ ಹೊಲ, ಸರಾಸರಿಯ ಲೆಕ್ಕ



ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯಲ್ಲಿ ಖುಷ್ಕಿ ಹೊಲದ ರೈತ ಬಿತ್ತುವ ಮೊದಲು ನೋಡುವುದು ಮುಗಿಲನ್ನು. ಅದೇ ತಾಲ್ಲೂಕಿನಲ್ಲಿ ನೀರು ದಕ್ಕಿದ ಕಡೆ ಅಡಿಕೆ ತೋಟಗಳಿವೆ. ಎರಡೂ ಕೃಷಿಯೇ, ಆದರೆ ಎಕರೆಯ ಆದಾಯ ಒಂದೇ ಅಲ್ಲ. ಇಂಥ ಅಂತರವನ್ನು ನಮ್ಮವರು ಹೇಗೆ ಅಳೆಯುತ್ತ ಬಂದರು ಎಂಬುದು ಇಂದಿನ ಮಾತು.

ದಾದಾಭಾಯಿ ನವರೋಜಿ 1867-68ರಲ್ಲಿ ಭಾರತೀಯರ ತಲಾ ಆದಾಯ ವರ್ಷಕ್ಕೆ 20 ರೂಪಾಯಿ ಎಂದು ಲೆಕ್ಕಹಾಕಿದರು. ದೇಶದ ಬಡತನವನ್ನು ಅದು ಬಯಲಿಗೆಳೆಯಿತು. ಆದರೆ ಅದು ಇಡೀ ದೇಶದ ಸರಾಸರಿ. 1931-32ರ ಆದಾಯವನ್ನು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಸುಬುವಾರು ಬಿಡಿಸಿ ಲೆಕ್ಕಹಾಕಿದರು.

ಪ್ರದೇಶವಾರು ಅಂತರವನ್ನು ಕರ್ನಾಟಕದಲ್ಲಿ ಕೂಲಂಕಷವಾಗಿ ಅಳೆದದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ವರದಿಯಲ್ಲಿ ಅದು 35 ಸೂಚಕಗಳನ್ನಿಟ್ಟು 175 ತಾಲ್ಲೂಕುಗಳನ್ನು ತೂಗಿತು. 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ನಮ್ಮ ಜಿಲ್ಲೆಯ ಹೊಸದುರ್ಗ ಆ 39ರಲ್ಲಿ ಒಂದು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ಯೋಜನೆಯನ್ನೂ ಸಮಿತಿ ಸೂಚಿಸಿತು.

ಕಸುಬಿನ ಅಂತರ ಇದಕ್ಕಿಂತ ಆಳ. 2011ರ ಜನಗಣತಿಯಂತೆ ರಾಜ್ಯದ ದುಡಿಮೆಗಾರರಲ್ಲಿ ಸುಮಾರು ಅರ್ಧ ಜನ ಸಾಗುವಳಿದಾರರು ಇಲ್ಲವೇ ಕೃಷಿ ಕೂಲಿಕಾರರು. ರಾಜ್ಯದ ಉತ್ಪನ್ನದಲ್ಲಿ ಕೃಷಿಯ ಪಾಲು ಐದನೇ ಒಂದಕ್ಕಿಂತಲೂ ಕಡಿಮೆ. ಸೇವಾ ವಲಯದ ಪಾಲು ಹೆಚ್ಚುಕಡಿಮೆ ಮೂರನೇ ಎರಡು, ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನದು. ಹಾಗಾಗಿಯೇ ಬಯಲುಸೀಮೆಯ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಈ ಅಂತರ ಹಣೆಬರಹವಲ್ಲ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟೆ ಕಟ್ಟಿದ ಮೇಲೆ ಹಿರಿಯೂರಿನ ನೆಲ ತೆಂಗು, ಅಡಿಕೆ ಕಂಡಿತು. ನೂರು ವರ್ಷಕ್ಕೂ ಹಿಂದಿನ ಒಂದು ತೀರ್ಮಾನ ಇಂದಿಗೂ ಮನೆಗಳನ್ನು ನಡೆಸುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆ ನಾಲ್ಕು ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ ತಲುಪಿಸಬೇಕಿದೆ. 2023ರ ಕೇಂದ್ರ ಬಜೆಟ್ ಅದಕ್ಕೆ 5,300 ಕೋಟಿ ಘೋಷಿಸಿತು. ಕಾಲುವೆ ತಡವಾದಷ್ಟೂ ಅಂತರ ಬೆಳೆಯುತ್ತದೆ.

ಅಳತೆ ದೇಶದಿಂದ ಕಸುಬಿಗೆ, ರಾಜ್ಯದಿಂದ ತಾಲ್ಲೂಕಿಗೆ ಇಳಿದು ಬಂದಿದೆ. ಇನ್ನೊಂದು ಮೆಟ್ಟಿಲು ಇಳಿಯಬೇಕು, ಹೋಬಳಿಗೆ. ತಾಲ್ಲೂಕಿನ ಲೆಕ್ಕದಲ್ಲಿ ಅಡಿಕೆ ತೋಟವೂ ಖುಷ್ಕಿ ಹೊಲವೂ ಒಂದೇ ಸಾಲಿನಲ್ಲಿ ಕೂಡಿಹೋಗುತ್ತವೆ. ತಾಳ್ಯದ ಹೊಲಕ್ಕೆ ಅದರದೇ ಸಾಲು ಬೇಕು.