ಫ್ಲೂ ಜ್ವರದ ಗುಳಿಗೆ: ದಂಪತಿಗಳು ಅರಿಯಬೇಕಾದುದು



2009ರಲ್ಲಿ ಎಚ್1ಎನ್1 ಜ್ವರವು ನೆರೆಯ ಪುಣೆಯಲ್ಲಿ ಪ್ರಾಣಹಾನಿ ಮಾಡಿ ನಮ್ಮ ರಾಜ್ಯಕ್ಕೂ ಹಬ್ಬಿದಾಗ ಒಸೆಲ್ಟಾಮಿವಿರ್ ಎಂಬ ಔಷಧದ ಹೆಸರು ಜನರ ಕಿವಿಗೆ ಬಿದ್ದಿತು. ಟ್ಯಾಮಿಫ್ಲೂ ಎಂಬುದೂ ಇದೇ. ಜ್ವರ ಕಾಣಿಸಿದ 48 ಗಂಟೆಗಳೊಳಗೆ ಆರಂಭಿಸಿದರೆ ಗುಣ ಹೆಚ್ಚು. ವಯಸ್ಕರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, 5 ದಿನ.

ಇದನ್ನು ಸೇವಿಸಿದ ಕೆಲವರಿಗೆ ಓಕರಿಕೆ, ವಾಂತಿ, ತಲೆನೋವು ಉಂಟಾಗುವುದುಂಟು. ಇವು ಬಹುಮಟ್ಟಿಗೆ ಮೊದಲ ಎರಡು ದಿನಗಳಲ್ಲಿ ತೋರಿ ತಾವಾಗಿಯೇ ಶಮನವಾಗುತ್ತವೆ. ಔಷಧ ಉಷ್ಣವಾಯಿತೆಂದು ನಡುವೆಯೇ ಬಿಡುವುದೂ, ಜ್ವರ ಇಳಿಯಿತೆಂದು ಕಬ್ಬಿನ ಕಟಾವಿಗೆ ಹೊರಟು ಗುಳಿಗೆಯನ್ನು ಮರೆಯುವುದೂ ತರವಲ್ಲ. ಜೋಳದ ನುಚ್ಚನ್ನೋ ಗಂಜಿಯನ್ನೋ ಉಂಡ ಮೇಲೆ ನುಂಗಿದರೆ ಬಾಧೆ ಕಡಿಮೆ.

ಗರ್ಭಿಣಿಗೆ ಔಷಧಕ್ಕಿಂತ ಫ್ಲೂ ಜ್ವರವೇ ಹೆಚ್ಚು ಅಪಾಯಕಾರಿ. ಆದುದರಿಂದ ವೈದ್ಯರು ಆಕೆಗೂ ಇದನ್ನು ಕೊಡುತ್ತಾರೆ. ಬಾಣಂತಿಯು ಎದೆಹಾಲು ನಿಲ್ಲಿಸಬೇಕಾಗಿಲ್ಲ. ಮನೆಯ ಹಿರಿಯರು ಬೇಡವೆಂದರೆ ಪತಿಯೇ ಮುಂದೆ ನಿಂತು ತಿಳಿಹೇಳಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಅವರಿಗೆ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.

ಮೈಮೇಲೆ ದದ್ದುಗಳೆದ್ದರೆ, ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಮುಂದಿನ ಗುಳಿಗೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅಪರೂಪವಾಗಿ, ವಿಶೇಷವಾಗಿ ಮಕ್ಕಳಲ್ಲಿ, ಗಲಿಬಿಲಿ, ಬಡಬಡಿಕೆ ಕಂಡುಬಂದಿವೆ. ಕಾರಣ ಔಷಧವೋ ಜ್ವರವೋ ಎಂಬುದು ಇತ್ಯರ್ಥವಾಗಿಲ್ಲ. ಆದರೂ ಅಂಥ ಮಗುವನ್ನು ಮಾಳಿಗೆಯ ಮೇಲೆ ಮಲಗಿಸದೆ, ತಂದೆತಾಯಿಗಳಲ್ಲಿ ಒಬ್ಬರು ರಾತ್ರಿ ಬಳಿಯಲ್ಲೇ ಇರಬೇಕು. ಬಡಬಡಿಸತೊಡಗಿದರೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತ ಕೂಡದೆ ಆಗಲೇ ವೈದ್ಯರಿಗೆ ತೋರಿಸಿರಿ.